ಕೊಯ್ದ ಮೂಗು ಮತ್ತ ಬಂದೀತೇನು? (ಒಂದು ಮೂಗಿನ ಇತಿಹಾಸ, 10 ಭಾಗ)

ಭಾಗ 1/10: ಗಾದೆ

"ಸಿಟ್ಟಿನಾಗ ಕೊಯ್ಕೊಂಡ ಮೂಗು ಶಾಂತ ಆದ ಮ್ಯಾಲ ಬಂದೀತೇನು?"

ಈ ಗಾದೆ ಕೇಳದವರು ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆ ಇರಲಿಕ್ಕಿಲ್ಲ. ಅಣ್ಣತಮ್ಮರು ಜಗಳಾಡಿ ಮಾತು ಬಿಟ್ಟಾಗ, ಸಿಟ್ಟಿಗೆದ್ದು ಯಾರಾದ್ರೂ ಕಾಲೇಜು ಬಿಡ್ತೀನಿ ಅಂದಾಗ ಹಿರಿಯರು ಹೇಳೋ ಮಾತು ಇದು. ಪ್ರಶ್ನೆ ಹಂಗ ಕಾಣಸ್ತದ, ಆದ್ರ ಪ್ರಶ್ನೆ ಅಲ್ಲ. ಉತ್ತರ ಒಳಗೇ ಅದ: ಬರೂದಿಲ್ಲ.

ಒಮ್ಮೆ ಇದನ್ನ ನಿಜವಾದ ಪ್ರಶ್ನೆ ಅಂತ ತಿಳ್ಕೊಳ್ರಿ. ಕೊಯ್ದ ಮೂಗು ಮತ್ತ ಬರ್ತದೇನು?

ಇತಿಹಾಸ ಹೇಳೋ ಉತ್ತರ ಬ್ಯಾರೆ ಅದ. 1793ರಲ್ಲಿ ಪುಣೆ ಹತ್ತಿರ ಒಬ್ಬನ ಕೊಯ್ದ ಮೂಗು ಮತ್ತೆ ಬಂತು. ತಂದುಕೊಟ್ಟವನು ಡಾಕ್ಟರ್ ಅಲ್ಲ, ವೈದ್ಯಶಾಸ್ತ್ರ ಓದಿದ ಪಂಡಿತನೂ ಅಲ್ಲ. ಇಟ್ಟಂಗಿ ಮಾಡೋ ಜಾತಿಯವ. ಆ ಸುದ್ದಿ ಲಂಡನ್ ಮುಟ್ಟಿತು. ಅಲ್ಲಿಂದ ಜರ್ಮನಿ, ಅಲ್ಲಿಂದ ಇಡೀ ಜಗತ್ತು. ಇವತ್ತು ಪ್ಲಾಸ್ಟಿಕ್ ಸರ್ಜರಿ ಓದೋ ಪ್ರತಿ ವಿದ್ಯಾರ್ಥಿಯೂ ಆ ಕಥೆ ಓದ್ತಾನ.

ಆದ್ರ ಆ ಮೂಗಿಗೆ ಒಂದು ಕೊರತೆ ಇತ್ತು. ಚರ್ಮ ಇತ್ತು, ಒಳಗ ಆಧಾರ ಇರಲಿಲ್ಲ. ಆ ಆಧಾರ ಹುಡುಕೋಕೆ ಜಗತ್ತಿಗೆ ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯ್ತು. ಅದರೊಳಗ ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿದ ಒಬ್ಬ ಡಾಕ್ಟರ್ ಕೂಡ ಬರ್ತಾರ.

ನಂದು ಬಿ.ಕಾಂ., ಮೆಡಿಕಲ್ ಅಲ್ಲ. ಅದಕ್ಕೇ ದೊಡ್ಡ ದೊಡ್ಡ ಶಬ್ದ ಬಳಸದೆ, ನಿಮಗೂ ನನಗೂ ತಿಳಿಯೋ ಹಂಗ ಹೇಳ್ತೀನಿ. ಒಂದೊಂದೇ ಸ್ವೈಪ್ ಮಾಡ್ರಿ.

ಭಾಗ 2/10: ಮೂಗೇ ಯಾಕ?

ಕನ್ನಡದಾಗ ಮೂಗಿನ ಮ್ಯಾಲೆ ಎಷ್ಟು ಮಾತು ಅದಾವ ನೋಡ್ರಿ. ಬ್ಯಾಡಾದ್ದಕ್ಕ ಮೂಗು ಮುರೀತೀವಿ. ಆಶ್ಚರ್ಯ ಆದ್ರ ಮೂಗಿನ ಮ್ಯಾಲ ಬೆರಳು. ಪರರ ವಿಷಯದಾಗ ಮೂಗು ತೂರಿಸ್ತೀವಿ. ಬೇಗ ರೇಗೋರಿಗೆ ಮೂಗಿನ ತುದೀಲೇ ಸಿಟ್ಟು. ಹಿಡಿತಕ್ಕ ತರಬೇಕಂದ್ರ ಮೂಗುದಾರ.

ಅಂದ್ರ ಮೂಗು ಅಂದ್ರ ಬರೀ ಉಸಿರಾಡೋ ಅಂಗ ಅಲ್ಲ, ಮಾನ. ಅದಕ್ಕೇ ಮಾನ ತೆಗೀಬೇಕಂದ್ರ ಮೂಗು ತೆಗೀತಿದ್ರು. ಕೈ ಕಾಲು ಕಡಿದ್ರ ಬಟ್ಟೆಯೊಳಗ ಮುಚ್ಚಬಹುದು. ಮೂಗು ಮುಚ್ಚಲಿಕ್ಕೆ ಆಗೂದಿಲ್ಲ. ಆ ಮನುಷ್ಯ ಬದುಕಿರೋ ತನಕ ಅವನ ಮುಖವೇ ಅವನ ಶಿಕ್ಷೆಯ ಬೋರ್ಡು.

ರಾಮಾಯಣದ ಶೂರ್ಪನಖಿ ಕಥೆ ಎಲ್ಲರಿಗೂ ಗೊತ್ತು. ನಾಸಿಕ್ ಊರಿಗೆ ಆ ಹೆಸರು ಬಂದದ್ದೇ ಅವಳ ಮೂಗಿನಿಂದ ಅಂತ ಜನ ಹೇಳ್ತಾರ. ಕಥೆ ಬಿಡ್ರಿ, ಚರಿತ್ರೆಗೆ ಬರ್ರಿ. 1650ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಮೈಸೂರಿಗೂ ಮಧುರೈ ನಾಯಕರಿಗೂ ನಡೆದ ಯುದ್ಧಕ್ಕೆ 'ಮೂಗು ಕೊಯ್ಯುವ ಯುದ್ಧ' ಅಂತಲೇ ಹೆಸರು ಬಿತ್ತು. ಮೈಸೂರಿನವರು ಅಲ್ಲಿನವರ ಮೂಗು ಕೊಯ್ದರು, ಮಧುರೈಯವರು ತಿರುಗಿ ಬಂದು ಇಲ್ಲಿನವರ ಮೂಗು ಕೊಯ್ದರು. 1760ರ ದಶಕದಲ್ಲಿ ನೇಪಾಳದ ಕೀರ್ತಿಪುರ ಗೆದ್ದ ಗೂರ್ಖಾ ಸೈನ್ಯ ಊರವರ ಮೂಗು ಕೊಯ್ದದ್ದೂ ದಾಖಲಾಗಿದೆ.

ಯುದ್ಧದಾಗ ಸೈನಿಕರ ಮೂಗು ಹೋಗ್ತಿತ್ತು. ಮನ್ಯಾಗ ಹೆಣ್ಣುಮಕ್ಕಳ ಮೂಗು ಹೋಗ್ತಿತ್ತು, ಬರೇ ಗಂಡನ ಸಂಶಯಕ್ಕ.

ಇದನ್ನ ಯಾಕ ಹೇಳಿದೆ ಅಂದ್ರ, ಮುಂದಿನ ಭಾಗದಾಗ ಟಿಪ್ಪು ಹೆಸರು ಬರ್ತದ. ಆ ಹೆಸರು ಬಂದ ಕೂಡಲೇ ಕಾಮೆಂಟಿನಾಗ ಎರಡು ಗುಂಪು ಆಗ್ತದ. ದಯವಿಟ್ಟು ಮೊದಲು ಇದನ್ನ ಓದ್ರಿ: ಈ ಕ್ರೌರ್ಯ ಒಬ್ಬ ರಾಜನದ್ದಲ್ಲ, ಒಂದು ಧರ್ಮದ್ದಲ್ಲ. ಆ ಕಾಲದ್ದು.

ಭಾಗ 3/10: ಎತ್ತು ಹೊಡೆಯುವವನು

ಮೂರನೇ ಮೈಸೂರು ಯುದ್ಧ, 1790ರಿಂದ 1792. ಒಂದು ಕಡೆ ಟಿಪ್ಪು ಸುಲ್ತಾನ. ಇನ್ನೊಂದು ಕಡೆ ಇಂಗ್ಲಿಷರು, ಹೈದರಾಬಾದಿನ ನಿಜಾಮ ಮತ್ತು ಪುಣೆಯ ಪೇಶ್ವೆ. ಪರಶುರಾಮ ಭಾವುವಿನ ಮರಾಠಾ ಸೈನ್ಯ ಧಾರವಾಡದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ 1791ರ ಏಪ್ರಿಲ್‌ನಲ್ಲಿ ಗೆದ್ದದ್ದು ಇದೇ ಯುದ್ಧದಾಗ.

ಆಗ ನಾವು ಯಾವ ಕಡೆ ಇದ್ವಿ ಗೊತ್ತೇನು? 1760ರಲ್ಲಿ ನಿಜಾಮ ವಿಜಯಪುರ ಸೀಮೆಯನ್ನ ಪೇಶ್ವೆಗೆ ಬಿಟ್ಟುಕೊಟ್ಟಿದ್ದ. ಅಂದ್ರ ನಮ್ಮ ನಾಲ್ಕೂ ತಾಲೂಕಿನ ಮುತ್ತಜ್ಜರ ಮುತ್ತಜ್ಜರು ಪುಣೆಗೆ ಕಂದಾಯ ಕಟ್ಟೋರು. ಈ ಕಥೆಯ ಪುಣೆ ನಮಗ ಪರದೇಶ ಅಲ್ಲ, ಆಗಿನ ರಾಜಧಾನಿ.

ಆ ಯುದ್ಧ ನಡೆದದ್ದು ತೋಪಿನಿಂದ ಅಂತೀವಿ. ನಿಜವಾಗಿ ನಡೆದದ್ದು ಎತ್ತಿನಿಂದ. ತೋಪು ಎಳೆಯೋದು ಎತ್ತು, ಗುಂಡು ಹೊರೋದು ಎತ್ತು, ಅಕ್ಕಿ ಜ್ವಾಳ ಹೊರೋದು ಎತ್ತು. 1791ರ ಮೇ ತಿಂಗಳಾಗ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲ ತನಕ ಬಂದು ತಿರುಗಿ ಹೋದದ್ದು ಯಾಕ? ಎತ್ತು ಸತ್ತವು, ಮೇವು ಇಲ್ಲ, ತಿನ್ನಾಕ ಕಾಳಿಲ್ಲ. ಎಳೆಯೋರು ಇಲ್ಲದ ದೊಡ್ಡ ತೋಪುಗಳನ್ನ ತನ್ನ ಕೈಯಾರೆ ಹಾಳು ಮಾಡಿ ಹೋದ.

ಬಸವನ ಹೆಸರಿನ ಊರಾಗ ಇರೋ ನಮಗ ಇದು ಬೇಗ ತಿಳೀಬೇಕು. ಎತ್ತು ನಿಂತ್ರ ಎಲ್ಲಾ ನಿಂತಂಗ.

ಅದಕ್ಕೇ ಎತ್ತು ಹೊಡೆಯೋರು ಶತ್ರುವಿಗೆ ದೊಡ್ಡ ಗುರಿ. ಅಂಥವರಲ್ಲಿ ಒಬ್ಬ ಕಾವಸ್‌ಜಿ. ಹೆಸರು ಕೇಳಿದ್ರ ಪಾರ್ಸಿ ಅನಸ್ತದ, ಆದ್ರ ದಾಖಲೆ ಅವನನ್ನ ಮರಾಠಾ ರೈತ ಅಂತದ. ಇಂಗ್ಲಿಷ್ ಸೈನ್ಯದಾಗ ಎತ್ತು ಹೊಡೀತಿದ್ದ. ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ. ಅವನ ಮೂಗು ಕೊಯ್ದು, ಒಂದು ಕೈ ಕಡಿದು ಬಿಟ್ಟರು ಅಂತ ದಾಖಲೆ ಹೇಳ್ತದ. ದಾಖಲೆ ಬರೆದವರು ಇಂಗ್ಲಿಷರು, ಟಿಪ್ಪುವಿನ ಶತ್ರುಗಳು ಅನ್ನೋದೂ ನೆನಪಿರಲಿ.

ಯುದ್ಧ ಮುಗೀತು. ರಾಜರು ಒಪ್ಪಂದಕ್ಕ ಸಹಿ ಹಾಕಿದರು. ಕಂಪನಿ ಕಾವಸ್‌ಜಿಗೆ ಪಿಂಚಣಿ ಕೊಟ್ಟಿತು. ಮೂಗು ಯಾರು ಕೊಡಬೇಕು?

ಭಾಗ 4/10: ಮೇಣ, ಹಣೆ, ಕಾಚು

ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅವ ಮೂಗಿಲ್ಲದೆ ಬದುಕಿದ. ಆಮೇಲೆ, 1793ರ ಸುಮಾರಿಗೆ, ಪುಣೆ ಹತ್ತಿರದ ಆ ಇಟ್ಟಂಗಿ ಕೆಲಸದವನ ಕಡೆ ಹೋದ. ಇಂಥ ಶಸ್ತ್ರಕ್ರಿಯೆ ಹೆಂಗ ಮಾಡ್ತಾರಂತ ಬಾಂಬೆಯ ಇಬ್ಬರು ಇಂಗ್ಲಿಷ್ ವೈದ್ಯರು, ಥಾಮಸ್ ಕ್ರೂಸೊ ಮತ್ತು ಜೇಮ್ಸ್ ಫಿಂಡ್ಲೆ, ಕಣ್ಣಾರೆ ನೋಡಿದ್ದರು. ಅದಕ್ಕೇ ನಮಗ ಪ್ರತಿ ಹೆಜ್ಜೆ ಗೊತ್ತು.

ಮೊದಲು ಮೇಣದ ತೆಳು ಹಾಳೆ ಮಾಡಿ, ಉಳಿದ ಮೂಗಿನ ಬುಡದ ಮ್ಯಾಲ ಇಟ್ಟು ಚಂದ ಮೂಗಿನ ಆಕಾರ ಕೊಟ್ಟ. ಆಮೇಲೆ ಆ ಮೇಣ ಬಿಡಿಸಿ ಚಪ್ಪಟೆ ಮಾಡಿ ಹಣೆ ಮ್ಯಾಲ ಇಟ್ಟ. ಸುತ್ತ ಗೆರೆ ಎಳೆದ. ಟೇಲರ್ ಅಂಗಿ ಹೊಲಿಯೋಕಿಂತ ಮೊದಲು ಪೇಪರ್ ಕಟ್ ಮಾಡ್ತಾನಲ್ಲ, ಅದೇ ಲೆಕ್ಕ.

ಆ ಗೆರೆ ಗುಂಟ ಹಣೆ ಚರ್ಮ ಬಿಡಿಸಿದ. ಪೂರ್ತಿ ಅಲ್ಲ. ಎರಡು ಹುಬ್ಬಿನ ನಡುವ ಒಂದು ಸಣ್ಣ ಪಟ್ಟಿ ಹಂಗೇ ಬಿಟ್ಟ. ಇಡೀ ಜಾಣತನ ಇರೋದು ಈ ಪಟ್ಟಿಯೊಳಗ. ಅದರೊಳಗಿಂದ ರಕ್ತ ಹರೀತದ. ಬಳ್ಳಿ ಕಡೀದೇ ಕುಂಬಳಕಾಯಿನ ಪಕ್ಕದ ಹೊಲಕ್ಕ ಸರಿಸಿದಂಗ.

ಹಳೆ ಗಾಯದ ಅಂಚು ಹೆರೆದು ಹಸಿ ಮಾಡಿದ. ಹಣೆ ಚರ್ಮ ಅರ್ಧ ಸುತ್ತು ತಿರುಗಿಸಿ ಕೆಳಗ ಇಳಿಸಿ, ಆ ಹಸಿ ಅಂಚಿನ ಹಿಂದಿನ ಸೀಳಿನೊಳಗ ಕೂಡಿಸಿದ.

ಅಂಟಿಗೆ ಏನು ಹಾಕಿದ ಹೇಳ್ರಿ? ಕಾಚು. ಹೌದು, ಎಲೆ ಅಡಿಕೆ ಜೊತೆ ಹಾಕೋ ಅದೇ ಕಾಚು. ನೀರಿನಾಗ ಮೆತ್ತಗ ಮಾಡಿ ಬಟ್ಟೆ ಪಟ್ಟಿಗೆ ಸವರಿ, ಐದಾರು ಪಟ್ಟಿ ಒಂದರ ಮ್ಯಾಲೊಂದು ಹಚ್ಚಿದ. ಕಾಚಿನೊಳಗ ಒಗರು ಅದ, ಗಾಯ ಬಿಗೀತದ. ನಾಲ್ಕು ದಿನ ಆದ ಮ್ಯಾಲ ಅದನ್ನ ತೆಗೆದು ತುಪ್ಪದಾಗ ಅದ್ದಿದ ಬಟ್ಟೆ. ಹತ್ತನೇ ದಿನ ಹೊಳ್ಳೆ ಮುಚ್ಚಬಾರದು ಅಂತ ಮೆತ್ತನ ಬಟ್ಟೆ ತುರುಕಿದ. ಸುಮಾರು ಇಪ್ಪತ್ತೈದನೇ ದಿನ ಆ ಹುಬ್ಬಿನ ನಡುವಿನ ಪಟ್ಟಿ ಕೊಯ್ದ. ಆಗಲೇ ಹೊಸ ಮೂಗು ಕೆಳಗಿನ ರಕ್ತ ಕುಡಿಯೋಕೆ ಕಲಿತಿತ್ತು.

ನೆನಪಿರಲಿ, ಪ್ರಜ್ಞೆ ತಪ್ಪಿಸೋ ಈಥರ್ ಜಗತ್ತಿಗೆ ತೋರಿಸಿದ್ದು 1846ರಲ್ಲಿ. ಇದು ಅದಕ್ಕಿಂತ 53 ವರ್ಷ ಮೊದಲು.

ಭಾಗ 5/10: ಎಲ್ಲರ ಹೆಸರದ, ಅವನದಿಲ್ಲ

ಹತ್ತು ತಿಂಗಳ ಮ್ಯಾಲ, 1794ರ ಜನವರಿಯಲ್ಲಿ, ಜೇಮ್ಸ್ ವೇಲ್ಸ್ ಅನ್ನೋ ಕಲಾವಿದ ಕಾವಸ್‌ಜಿಯ ಚಿತ್ರ ಬರೆದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಚಿತ್ರದ ಸಮೇತ ಈ ಕಥೆ ಛಾಪಿಸಿತು. ಪತ್ರದ ಕೆಳಗ ಬರೀ 'ಬಿ.ಎಲ್.' ಅಂತ ಸಹಿ.

ಜೋಸೆಫ್ ಕಾರ್ಪ್ಯೂ ಅನ್ನೋ ಲಂಡನ್ ಸರ್ಜನ್ ಅದರ ಬೆನ್ನು ಹತ್ತಿದ. ವರ್ಷಗಟ್ಟಲೆ ಹೆಣಗಳ ಮ್ಯಾಲೆ ಅಭ್ಯಾಸ ಮಾಡಿದ. 1814ರ ಅಕ್ಟೋಬರ್ 23ಕ್ಕ ಒಬ್ಬ ಸೈನ್ಯಾಧಿಕಾರಿಗೆ ಇದೇ ರೀತಿ ಮೂಗು ಮಾಡಿದ. 1816ರಲ್ಲಿ ಪುಸ್ತಕ ಬಂತು. 1818ರಲ್ಲಿ ಬರ್ಲಿನ್ನಿನ ಕಾರ್ಲ್ ಫಾನ್ ಗ್ರೇಫೆ 'ರೈನೋಪ್ಲಾಸ್ಟಿಕ್' ಅಂತ ಪುಸ್ತಕ ಬರೆದ. ಇವತ್ತಿನ 'ರೈನೋಪ್ಲಾಸ್ಟಿ' ಶಬ್ದದ ಬೇರು ಅಲ್ಲಿ. ಹಣೆ ಚರ್ಮದ ಈ ಪದ್ಧತಿಗೆ ಜಗತ್ತು ಇಟ್ಟ ಹೆಸರು 'ಇಂಡಿಯನ್ ಮೆಥಡ್'. ಇಂಡಿ ತಾಲೂಕಿನದ್ದಲ್ಲಪಾ, ಇಂಡಿಯಾದ್ದು.

ಯುರೋಪಿನಾಗ ಮೂಗು ಮಾಡೋದು ಗೊತ್ತಿರಲಿಲ್ಲ ಅಂತಲ್ಲ. ಇಟಲಿಯ ತಲ್ಯಾಕೋತ್ಸಿ 1597ರಲ್ಲೇ ತೋಳಿನ ಚರ್ಮದಿಂದ ಮೂಗು ಮಾಡೋ ಪುಸ್ತಕ ಬರೆದಿದ್ದ. ತೋಳನ್ನ ತಲಿಗೆ ಕಟ್ಟಿ ವಾರಗಟ್ಟಲೆ ಕುಂದ್ರಬೇಕಿತ್ತು. ಅವನ ನಂತರ ಆ ವಿದ್ಯೆ ಅಲ್ಲಿ ಹೆಚ್ಚೂ ಕಡಿಮೆ ಮರೆತೇ ಹೋಯ್ತು. ನಮ್ಮಲ್ಲಿ ಸುಶ್ರುತ ಸಂಹಿತೆಯಲ್ಲಿ ಎಲೆಯಿಂದ ಅಳತೆ ತಗೊಂಡು ಕೆನ್ನೆ ಚರ್ಮದಿಂದ ಮೂಗು ಮಾಡೋ ಕ್ರಮ ಅದ. ಉಸಿರಾಟಕ್ಕ ಎರಡು ನಳಿಗೆ ಇಡಬೇಕು ಅಂತಲೂ ಅದ. ಅದು ಕೆನ್ನೆ, ಪುಣೆಯದ್ದು ಹಣೆ. ನಡುವೆ ಎಷ್ಟು ಕೈ ದಾಟಿ, ಎಷ್ಟು ತಲೆಮಾರು ದಾಟಿ ಬದಲಾಯಿತೋ.

ಈಗ ಲೆಕ್ಕ ಹಾಕ್ರಿ. ಮೂಗು ಹಾಕಿಸಿಕೊಂಡವನ ಹೆಸರು ಅದ. ನೋಡಿದ ಇಬ್ಬರ ಹೆಸರು ಅದ. ಚಿತ್ರ ಬರೆದವನದ್ದು ಅದ. ನಕಲು ಮಾಡಿದವನದ್ದು ಅದ. ಕೈಯಾರೆ ಮಾಡಿದವನ ಜಾಗದಾಗ ಮಾತ್ರ ಹೆಸರಿಲ್ಲ, ಜಾತಿ ಅದ.

ಕಾಯಕವೇ ದೊಡ್ಡದು ಅಂತ ಹೇಳಿದವರು ಹುಟ್ಟಿದ ಬಾಗೇವಾಡಿ ಮಣ್ಣಿನವರು ನಾವು. ಹನ್ನೆರಡನೇ ಶತಮಾನದ ಕುಂಬಾರ ಗುಂಡಯ್ಯನ ಹೆಸರು ನಮಗ ಇನ್ನೂ ನೆನಪದ. 1793ರ ಈ ಮನುಷ್ಯನ ಹೆಸರು ಯಾರೂ ಕೇಳಲೇ ಇಲ್ಲ.

ಭಾಗ 6/10: ಗುಡಾರಕ್ಕ ಕಂಬ ಎಲ್ಲಿ?

ನಿಮ್ಮ ಮೂಗಿನ ತುದಿ ಬೆರಳಿನಿಂದ ಒಮ್ಮೆ ಒತ್ತಿ ಬಿಡ್ರಿ. ತಟ್ಟನೆ ಮೊದಲಿನಂಗ ಆಯ್ತು ಹೌದಲ್ಲೊ? ಎಲುಬಾಗಿದ್ರ ಬಾಗ್ತಿರಲಿಲ್ಲ. ಬರೀ ಮಾಂಸ ಆಗಿದ್ರ ತಿರುಗಿ ಏಳ್ತಿರಲಿಲ್ಲ. ಒಳಗ ಇರೋದು ಮೃದ್ವಸ್ಥಿ, ಇಂಗ್ಲಿಷಿನಾಗ ಕಾರ್ಟಿಲೇಜ್. ನಿಮ್ಮ ಕಿವಿ ಮಡಚಿದ್ರ ಸಿಗೋದೂ ಅದೇ.

ಮೂಗಿನ ಮೇಲಿನ ಭಾಗ, ಕನ್ನಡಕ ಕುಂದ್ರೋ ಜಾಗ, ಎಲುಬು. ಕೆಳಗಿನದ್ದೆಲ್ಲ ಮೃದ್ವಸ್ಥಿ. ಎರಡು ಹೊಳ್ಳೆಗಳ ನಡುವ ಒಂದು ಗೋಡೆ ಅದ. ತುದಿಯಲ್ಲಿ ಎರಡೂ ಬದಿಗೆ ಬಿಲ್ಲಿನಂಗ ಬಾಗಿದ ಎರಡು ತುಂಡು ಅದಾವ. ಎತ್ತಿಗೆ ಮೂಗುದಾರ ಪೋಣಿಸೋದು ನೋಡಿದವರಿಗೆ ಈ ಗೋಡೆ ಚೆನ್ನಾಗಿ ಗೊತ್ತು. ಗಟ್ಟಿ ಮೃದ್ವಸ್ಥಿಗೆ ಚುಚ್ಚೂದಿಲ್ಲ, ಅದರ ಮುಂದಿನ ಮೆತ್ತನ ಜಾಗ ಬೆರಳಿನಿಂದ ಹುಡುಕಿ ಅಲ್ಲೇ ಚುಚ್ತಾರ. ನಮ್ಮ ರೈತರಿಗೆ ಪುಸ್ತಕ ಇಲ್ಲದೇ ಗೊತ್ತಿರೋ ಅಂಗರಚನೆ ಅದು.

ಈಗ ಕಾವಸ್‌ಜಿಯ ಮೂಗಿಗೆ ಬರ್ರಿ. ಹಣೆಯಿಂದ ಚರ್ಮ ಬಂತು. ಆದ್ರ ಹಣೆಯಾಗ ಮೃದ್ವಸ್ಥಿ ಇಲ್ಲ. ಜಾತ್ರಿಯಾಗ ಗುಡಾರ ಹಾಕೋವಾಗ ಬಟ್ಟೆ ತಂದು ಕಂಬ ತರದಿದ್ರ ಏನಾಗ್ತದ? ಮೊದಲಿಗೆ ಬಟ್ಟೆ ಬಿರುಸಾಗಿದ್ರ ಸ್ವಲ್ಪ ಹೊತ್ತು ನಿಲ್ತದ, ಆಮೇಲೆ ಕುಸೀತದ. ಮೂಗೂ ಹಂಗೇ. ಗಾಯ ಮಾಯೋವಾಗ ಚರ್ಮ ಒಳಗಿನಿಂದ ಕುಗ್ಗತದ. ತುದಿ ಕೆಳಗ ಇಳೀತದ, ಹೊಳ್ಳೆ ಸಣ್ಣ ಆಗ್ತಾವ, ಉಸಿರು ಕಟ್ಟತದ. ಎಷ್ಟು ಮೂಲ ಮೃದ್ವಸ್ಥಿ ಉಳಿದಿರ್ತದೋ ಅಷ್ಟು ಅದೃಷ್ಟ.

ಹತ್ತೊಂಬತ್ತನೇ ಶತಮಾನದ ಯುರೋಪಿನ ಸರ್ಜನ್‌ಗಳಿಗೂ ಇದೇ ತಲೆನೋವು. ಬೆಳ್ಳಿ, ಬಂಗಾರ, ದಂತ, ಏನೇನೋ ಒಳಗ ಇಟ್ಟು ನೋಡಿದರು. ಹೊರಗಿನ ವಸ್ತುವನ್ನ ದೇಹ ಬಹಳ ಸಲ ಹೊರಗೇ ತಳ್ಳಿತು.

ಕಂಬ ಬೇಕು. ಆದ್ರ ಅದು ಮನೆಯದೇ ಕಂಬ ಆಗಿರಬೇಕು.

ಭಾಗ 7/10: ಪಕ್ಕೆಲುಬಿನಿಂದ ಮೂಗಿಗೆ

ಮೃದ್ವಸ್ಥಿಗೆ ಒಂದು ವಿಶೇಷ ಗುಣ ಅದ. ಅದರೊಳಗ ರಕ್ತನಾಳ ಇಲ್ಲ. ಅದರ ಜೀವಕೋಶಗಳು ಸುತ್ತಲಿನ ದ್ರವದಿಂದ ಜಿನುಗಿ ಬಂದ ಆಹಾರದಾಗೇ ಬದುಕ್ತಾವ. ಕಡಿಮೆ ಮಳ್ಯಾಗ ಬೆಳೆಯೋ ನಮ್ಮ ಬಿಳಿಜ್ವಾಳ ಇದ್ದಂಗ. ಅದಕ್ಕೇ ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ನೆಟ್ರೂ ಅದು ಬದುಕೋ ಸಾಧ್ಯತೆ ಹೆಚ್ಚು. ಹಿಂಗ ನೆಡೋದಕ್ಕೇ ಗ್ರಾಫ್ಟ್ ಅಂತಾರ. ತೋಟದವರು ಮಾವಿಗೆ, ನಿಂಬಿಗೆ ಕಸಿ ಕಟ್ತಾರಲ್ಲ, ಇಂಗ್ಲಿಷಿನಾಗ ಎರಡಕ್ಕೂ ಒಂದೇ ಶಬ್ದ.

1900ರ ಆಸುಪಾಸಿಗೆ ಜರ್ಮನಿಯ ಫಾನ್ ಮಾಂಗೋಲ್ಟ್ ಕುಸಿದ ಮೂಗಿಗೆ ಪಕ್ಕೆಲುಬಿನ ತುದಿಯ ಮೃದ್ವಸ್ಥಿ ಹಾಕಿ ಎತ್ತಿದ. ಪಕ್ಕೆಲುಬು ಎದೆ ನಡುವಿನ ಎಲುಬಿಗೆ ಕೂಡೋ ಜಾಗದಾಗ ಅದು ಬೇಕಾದಷ್ಟು ಅದ.

ಆಮೇಲೆ ಮೊದಲ ಮಹಾಯುದ್ಧ. ಕಂದಕದಾಗ ನಿಂತು ಹೋರಾಡೋ ಯುದ್ಧ. ಮೈ ನೆಲದೊಳಗ, ತಲೆ ಮೇಲೆ. ಗುಂಡು, ಲೋಹದ ಚೂರು ನೇರ ಮುಖಕ್ಕ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಹೆರಾಲ್ಡ್ ಗಿಲೀಸ್ ಅನ್ನೋ ಕಿವಿ-ಮೂಗು-ಗಂಟಲಿನ ಡಾಕ್ಟರ್ ಇಂಥವರಿಗಾಗಿಯೇ ವಾರ್ಡು ಕಟ್ಟಿದ. 1917ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಪ್ರತ್ಯೇಕ ಆಸ್ಪತ್ರೆಯೇ ಆಯ್ತು. ಅಲ್ಲಿ 5,000ಕ್ಕೂ ಹೆಚ್ಚು ಸೈನಿಕರಿಗೆ 11,000ಕ್ಕೂ ಹೆಚ್ಚು ಶಸ್ತ್ರಕ್ರಿಯೆ ನಡೆದವು.

ಅವರಲ್ಲಿ ಒಬ್ಬ ಲೆಫ್ಟಿನೆಂಟ್ ವಿಲಿಯಂ ಸ್ಪ್ರೆಕ್ಲಿ. ಮೂಗು ಹೋಗಿತ್ತು. ಗಿಲೀಸ್ ಏನು ಮಾಡಿದ ಗೊತ್ತೇನು? ಪಕ್ಕೆಲುಬಿನ ಮೃದ್ವಸ್ಥಿ ಕೆತ್ತಿ ಮೊದಲು ಹಣೆಯ ಚರ್ಮದ ಕೆಳಗೆ ಹುಗಿದಿಟ್ಟ. ಅಲ್ಲಿ ಅದು ಬೇರು ಹಿಡಿದ ಮ್ಯಾಲ ಚರ್ಮ, ಕಂಬ ಎರಡನ್ನೂ ಒಟ್ಟಿಗೇ ಕೆಳಗ ಇಳಿಸಿದ. ಪುಣೆಯ ಹಣೆ ಚರ್ಮ, ಅದರೊಳಗ ಪಕ್ಕೆಲುಬಿನ ಆಧಾರ. ಮೊದಲು ಬಾವು ಬಂದು ಮೂಗು ಎಷ್ಟು ದೊಡ್ಡದಾಗಿ ಕಂಡಿತೆಂದರೆ ಸಹೋದ್ಯೋಗಿಗಳು ನಕ್ಕರು. ಬಾವು ಇಳೀತು. ಕೊನೆಗೆ ಉಳಿದದ್ದು ನೋಡಿದವರು ಮತ್ತೊಮ್ಮೆ ತಿರುಗಿ ನೋಡದಂಥ ಸಾಮಾನ್ಯ ಮೂಗು.

ಮೂಗು ಕಳಕೊಂಡವನಿಗೆ ಅದಕ್ಕಿಂತ ದೊಡ್ಡ ಬಹುಮಾನ ಇಲ್ಲ.

ಭಾಗ 8/10: ಹುಬ್ಬಳ್ಳಿಯಲ್ಲಿ ಹುಟ್ಟಿದವರು

ಇಲ್ಲಿ ತನಕ ಮೂಗು ಕೊಯ್ದದ್ದು ಕತ್ತಿ, ಒಡೆದದ್ದು ಗುಂಡು. ಆದ್ರ ಯಾರೂ ಕೊಯ್ಯದೇ ಕುಸಿಯೋ ಮೂಗೂ ಅದ. ಕುಷ್ಠರೋಗದ ಸೂಕ್ಷ್ಮಜೀವಿಗೆ ತಂಪು ಜಾಗ ಅಂದ್ರ ಇಷ್ಟ. ಮೂಗಿನ ಒಳಗ ಸದಾ ಗಾಳಿ ಆಡ್ತಿರ್ತದ, ತಂಪು. ಚಿಕಿತ್ಸೆ ಸಿಗದಿದ್ರ ಅದು ಒಳಪದರ ತಿಂದು, ನಡುವಿನ ಗೋಡೆ ತಿಂದು ಹಾಕ್ತದ. ಹೊರಗ ಚರ್ಮ ಹಂಗೇ ಇರ್ತದ. ಕಂಬ ಹೋದ ಗುಡಾರ. ಮೂಗು ತಡಿಯಂಗ ನಡುವ ತಗ್ಗಾಗ್ತದ.

ನೊಶೀರ್ ಆಂಟಿಯಾ ಹುಟ್ಟಿದ್ದು 1922ರಲ್ಲಿ, ಹುಬ್ಬಳ್ಳಿಯಲ್ಲಿ, ಪಾರ್ಸಿ ಮನೆತನದಾಗ. ಮುಂಬೈಯಲ್ಲಿ ವೈದ್ಯಕೀಯ ಓದಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಅವರಿಗೆ ಸಿಕ್ಕ ಗುರು ಇದೇ ಗಿಲೀಸ್. ತಿರುಗಿ ಬಂದು ಪುಣೆಯ ಕೊಂಢವಾ ಕುಷ್ಠರೋಗ ಆಸ್ಪತ್ರೆಯಲ್ಲಿ ಕೆಲಸ ಶುರು ಮಾಡಿದರು. ಪುಣೆಯಿಂದ ಲಂಡನ್ನಿಗೆ ಹೋದ ವಿದ್ಯೆ ಒಂದೂವರೆ ನೂರು ವರ್ಷ ಆದ ಮ್ಯಾಲ, ಬೆಳೆದು ದೊಡ್ಡದಾಗಿ, ಒಬ್ಬ ಹುಬ್ಬಳ್ಳಿಯವರ ಕೈಯಿಂದ ಪುಣೆಗೇ ವಾಪಸ್ ಬಂತು.

ಅವರಿಗೆ ಕಂಡದ್ದು ಏನು? ಔಷಧಿಯಿಂದ ರೋಗ ಹೋಗ್ತದ. ಆದ್ರ ಮುಖ ಹಂಗೇ ಉಳೀತದ. ಡಾಕ್ಟರ್ ಕೊಟ್ಟ ಚೀಟಿಯಾಗ 'ಗುಣ ಆಗಿದೆ' ಅಂತಿದ್ರೂ ಊರವರು ಓದೋದು ಚೀಟಿ ಅಲ್ಲ, ಮೂಗು. ಬಾವಿ ಕಡೆ ಬರಗೊಡೂದಿಲ್ಲ, ಮದುವಿಗೆ ಕರಿಯೂದಿಲ್ಲ, ಕೆಲಸ ಕೊಡೂದಿಲ್ಲ. ಅಂಥವರಿಗೆ ಒಳಪದರ ಮತ್ತೆ ಮಾಡಿ, ಮೂಗು ಎತ್ತಿ ಕೊಟ್ರ ಅದು ಅಲಂಕಾರ ಅಲ್ಲ. ಊರಿಗೆ ತಿರುಗಿ ಹೋಗೋ ಟಿಕೆಟ್.

ಮುಂದ ಆಂಟಿಯಾ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗ ಕಟ್ಟಿದರು. ಹಳ್ಳಿಯ ಆರೋಗ್ಯ ಹಳ್ಳಿಯವರ ಕೈಯಾಗೇ ಇರಬೇಕು ಅಂತ ಸಂಸ್ಥೆ ಕಟ್ಟಿದರು. 1990ರಲ್ಲಿ ಪದ್ಮಶ್ರೀ ಬಂತು. 2007ರಲ್ಲಿ ತೀರಿಕೊಂಡರು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ: ಕುಷ್ಠರೋಗಕ್ಕೆ ಸರ್ಕಾರಿ ಆರೋಗ್ಯ ಕೇಂದ್ರದಾಗ ಔಷಧಿ ಪುಕ್ಕಟೆ ಅದ, ಪೂರ್ತಿ ತಗೊಂಡ್ರ ಪೂರ್ತಿ ವಾಸಿ ಆಗ್ತದ. ಸ್ಪರ್ಶ ಗೊತ್ತಾಗದ ಬಿಳಿಚಿದ ಮಚ್ಚೆ ಮೈಮ್ಯಾಲ ಕಂಡ್ರ ಮುಚ್ಚಿಡಬ್ಯಾಡ್ರಿ.

ಭಾಗ 9/10: ಮೂರು ಕಾಲಿನ ತುದಿ

ಈಗ ಇಡೀ ಮೂಗಿನಿಂದ ಬರೀ ತುದಿಗೆ ಬರೋಣ.

ಹಾಳಾದ ಮೂಗು ಕಟ್ಟೋದು ಒಂದು ದಾರಿ. ಇದ್ದ ಮೂಗಿನ ಆಕಾರ ಬದಲಿಸೋದು ಇನ್ನೊಂದು. ಅಮೆರಿಕದ ಜಾನ್ ರೋ 1887ರಲ್ಲಿ, ಬರ್ಲಿನ್ನಿನ ಜಾಕ್ ಜೋಸೆಫ್ 1898ರಲ್ಲಿ ಈ ಎರಡನೇ ದಾರಿ ತೆರೆದರು. ಮುಂದಿನ ಎಷ್ಟೋ ದಶಕ ಸರ್ಜನ್‌ಗಳ ಮುಖ್ಯ ಕೆಲಸ ಒಂದೇ: ಕೊಯ್ದು ಸಣ್ಣ ಮಾಡೋದು. ವರ್ಷ ಕಳೆದಂಗ ಅಂಥ ಮೂಗು ಕೆಲವು ಕುಸಿದವು, ತುದಿ ಚಿವುಟಿದಂಗ ಆಯ್ತು, ಉಸಿರು ಕಟ್ಟಿತು. ಕಂಬ ತೆಗೆದು ಬಟ್ಟೆ ಉಳಿಸಿದ ಹಳೇ ತಪ್ಪೇ ಅದು, ಈ ಸಲ ಡಾಕ್ಟರ್ ಕೈಯಿಂದ.

1969ರಲ್ಲಿ ಜಾಕ್ ಆಂಡರ್ಸನ್ ಒಂದು ಸರಳ ಹೋಲಿಕೆ ಕೊಟ್ಟ. ಮೂಗಿನ ತುದಿ ಮೂರು ಕಾಲಿನ ಸ್ಟ್ಯಾಂಡ್ ಇದ್ದಂಗ. ನಡುವ ಒಂದು ಕಾಲು, ಎಡಬಲಕ್ಕ ಎರಡು. ನಡುವಿನ ಕಾಲು ಗಿಡ್ಡ ಆದ್ರ ತುದಿ ಕೆಳಗ ಬಾಗ್ತದ. ಬದಿಯ ಕಾಲು ಗಿಡ್ಡ ಆದ್ರ ತುದಿ ಮೇಲಕ್ಕೇಳ್ತದ. ನಿಮ್ಮ ಮೊಬೈಲ್ ಟ್ರೈಪಾಡ್ ತಗೊಂಡು ಒಂದೊಂದೇ ಕಾಲು ಗಿಡ್ಡ ಮಾಡಿ ನೋಡ್ರಿ, ತಿಳೀತದ.

1975ರಲ್ಲಿ ಅಮೆರಿಕದ ಜಾಕ್ ಶೀನ್ ಉಲ್ಟಾ ದಾರಿ ಹಿಡಿದ: ತೆಗೀಬ್ಯಾಡ್ರಿ, ಕೂಡಿಸ್ರಿ. ಒಂದು ಪುಟ್ಟ ಮೃದ್ವಸ್ಥಿ ತುಂಡನ್ನ ಗುರಾಣಿ ಆಕಾರಕ್ಕ ಕೆತ್ತಿ ತುದಿಗೆ ಇಟ್ಟ. ಆಮೇಲೆ ಇನ್ನೂ ವಿಧ ಬಂದವು. ಎರಡು ಹೊಳ್ಳೆ ನಡುವಿನ ಕಂಬಕ್ಕ ಆಸರೆ ಕಟ್ಟಿಗೆ ಕೊಟ್ಟಂಗ ಒಂದು ಪಟ್ಟಿ. ನಡುವಿನ ಗೋಡೆಯನ್ನೇ ಮುಂದ ಚಾಚಿ ತುದಿ ಅದಕ್ಕ ಹೊಲಿಯೋದು ಇನ್ನೊಂದು.

ಮೃದ್ವಸ್ಥಿ ಎಲ್ಲಿಂದ ತರ್ತಾರ? ಕಾಮರ್ಸಿನವರಿಗೆ ಇದು ಸುಲಭ. ಡಬಲ್ ಎಂಟ್ರಿ. ಮೂಗಿನ ತುದಿಗೆ ಡೆಬಿಟ್ ಆದ್ರ ಇನ್ನೊಂದು ಖಾತೆಗೆ ಕ್ರೆಡಿಟ್ ಆಗಲೇಬೇಕು. ಖಾತೆ ಮೂರು.

ನಡುವಿನ ಗೋಡೆ: ನೇರ, ಗಟ್ಟಿ. ಆದ್ರ ಮೇಲೆ ಮತ್ತು ಮುಂದ ಸುಮಾರು 1 ಸೆಂ.ಮೀ. ಅಗಲದ ಚೌಕಟ್ಟು ಬಿಡಲೇಬೇಕು, ಇಲ್ಲಂದ್ರ ಮನೆಯೇ ಕುಸೀತದ.

ಕಿವಿಯ ಬಟ್ಟಲು: ಅಂಚು ಮುಟ್ಟದಿದ್ರ ಕಿವಿ ಆಕಾರ ಹೆಚ್ಚು ಬದಲಾಗೂದಿಲ್ಲ. ಆದ್ರ ಅದು ಬಾಗಿರ್ತದ, ಮೆತ್ತಗ.

ಪಕ್ಕೆಲುಬು: ಬೇಕಾದಷ್ಟು ಸಿಗ್ತದ. ಆದ್ರ ಎದಿ ಮ್ಯಾಲ ಗಾಯ, ನೋವು. ಕೆತ್ತಿದ ತುಂಡು ಹಸಿ ಕಟ್ಟಿಗೆಯಂಗ ಸೊಟ್ಟ ಆಗೋ ಅಪಾಯವೂ ಅದ. ಅದು ಯಾಕ ಸೊಟ್ಟ ಆಗ್ತದ ಅಂತ 1958ರಲ್ಲಿ ಗಿಬ್ಸನ್ ಮತ್ತು ಡೇವಿಸ್ ತೋರಿಸಿದರು. ಹೊರಪದರದಾಗ ಒಂದು ಬಿಗಿ ಇರ್ತದ. ಒಂದೇ ಬದಿ ಕೆತ್ತಿದ್ರ ಇನ್ನೊಂದು ಬದಿ ಎಳೀತದ. ಎರಡೂ ಬದಿ ಸಮ ಕೆತ್ತಿದ್ರ ನೇರ ಉಳೀತದ.

ಬ್ಯಾಲೆನ್ಸ್ ಶೀಟ್ ತಾಳೆ ಆಗಲೇಬೇಕು, ಪಕ್ಕೆಲುಬಿನಾಗೂ.

ಭಾಗ 10/10: ನಿಮ್ಮ ಮೂಗು, ನಿಮ್ಮ ಕ್ಯಾಮೆರಾ

ಇಷ್ಟೆಲ್ಲ ಯಾಕ ಹೇಳಿದೆ? ಇದೇ ಆ್ಯಪಿನಾಗ ಮೂಗು ಸಣ್ಣ ಮಾಡೋ ಫಿಲ್ಟರ್ ಹಾಕದೇ ಫೋಟೋ ಬಿಡದವರು ನಮ್ಮೊಳಗೇ ಅದಾರ. ಕ್ಲಾಸಿನಾಗ 'ದಪ್ಪ ಮೂಗು', 'ಚಟ್ಟ ಮೂಗು' ಅಂತ ಅಡ್ಡಹೆಸರು ಇಟ್ಟವರೂ ಅದಾರ, ಅದನ್ನ ನುಂಗಿಕೊಂಡು ನಕ್ಕವರೂ ಅದಾರ.

2018ರಲ್ಲಿ ಅಮೆರಿಕದ ವೈದ್ಯರು ಒಂದು ಲೆಕ್ಕ ಮಾಡಿ ತೋರಿಸಿದರು. ಮುಖದಿಂದ 12 ಇಂಚು ದೂರದಲ್ಲಿ ತೆಗೆದ ಸೆಲ್ಫಿಯೊಳಗ, 5 ಅಡಿ ದೂರದಿಂದ ತೆಗೆದ ಫೋಟೋಕ್ಕಿಂತ, ಮೂಗಿನ ಬುಡ ಸುಮಾರು 30% ಅಗಲ ಕಾಣಸ್ತದ. ಮೂಗು ಕ್ಯಾಮೆರಾಕ್ಕ ಹತ್ತಿರ ಅದ, ಕಿವಿ ದೂರ ಅದ, ಅಷ್ಟೇ ಕಾರಣ. ಅಂದ್ರ ನೀವು ದ್ವೇಷಿಸೋ ಆ ಮೂಗು ನಿಮ್ಮದೇ ಅಲ್ಲ, ನಿಮ್ಮ ಕೈಯ ಉದ್ದದ್ದು.

ಶಸ್ತ್ರಕ್ರಿಯೆ ಮಾಡಿಸಬ್ಯಾಡ್ರಿ ಅಂತ ನಾ ಹೇಳಾಕತ್ತಿಲ್ಲ. ಅಪಘಾತದಾಗ ಮೂಗು ಒಡೆದವರಿಗೆ, ಉಸಿರು ಕಟ್ಟಿದವರಿಗೆ, ಸೀಳುತುಟಿಯಿಂದ ತುದಿ ಸೊಟ್ಟ ಆದವರಿಗೆ ಇದು ಹೊಸ ಬದುಕು. ಪೂರ್ತಿ ವಯಸ್ಸಿಗೆ ಬಂದು, ಎಲ್ಲಾ ತಿಳಕೊಂಡು ತನ್ನ ಮುಖದ ಬಗ್ಗೆ ನಿರ್ಧಾರ ತಗೊಳ್ಳೋದು ಅವರವರ ಹಕ್ಕು. ಆದ್ರ ಹೋಗೋಕಿಂತ ಮೊದಲು ಡಾಕ್ಟರಿಗೆ ಎರಡು ಪ್ರಶ್ನೆ ಕೇಳ್ರಿ. ಏನು ತೆಗೀತೀರಿ? ಅದರ ಜಾಗದಾಗ ಆಧಾರಕ್ಕ ಏನು ಇಡ್ತೀರಿ? ಪುಣೆಯಿಂದ ಇಲ್ಲಿ ತನಕ ಎರಡು ನೂರು ವರ್ಷದ ಪಾಠ ಆ ಎರಡು ಪ್ರಶ್ನೆಯೊಳಗ ಅದ.

ಇನ್ನು ಗಾದೆ. ಕೊಯ್ದ ಮೂಗು ಬಂದೀತೇನು ಅಂದ್ರ, ಬಂದೀತು. ಆದ್ರ ಹಣೆ ಚರ್ಮ ಕೊಡಬೇಕು, ಪಕ್ಕೆಲುಬು ಕೊಡಬೇಕು, ಯಾರದೋ ಕೈ ತಿಂಗಳುಗಟ್ಟಲೆ ದುಡೀಬೇಕು. ಕೊಯ್ಯೋದಕ್ಕ ಒಂದು ಕ್ಷಣ ಸಾಕು, ಒಂದು ಕಾಮೆಂಟ್ ಸಾಕು. ಗಾದೆ ಹೇಳಿದ ಹಿರಿಯರು ತಪ್ಪಿಲ್ಲ, ಅವರು ಮಾತಾಡಿದ್ದು ಬೆಲೆ ಬಗ್ಗೆ.

ಕೊನೆಗೆ ಒಂದು ಕೆಲಸ. ಆ ಇಟ್ಟಂಗಿಯವನ ಹೆಸರು ನಮಗ ಇನ್ನು ಸಿಗೂದಿಲ್ಲ. ಆದ್ರ ನಿಮ್ಮ ಊರಾಗ ಮುರಿದ ಎಲುಬು ಕೂಡಿಸ್ತಿದ್ದವರು, ಹೆರಿಗಿ ಮಾಡಿಸ್ತಿದ್ದ ಸೂಲಗಿತ್ತಿ ಆಯಿ, ಎತ್ತಿಗೆ ಔಷಧಿ ಕೊಡ್ತಿದ್ದ ಮುತ್ಯಾ ಇದ್ದೇ ಇರ್ತಾರ. ಇವತ್ತು ರಾತ್ರಿ ಮನ್ಯಾಗ ಅಜ್ಜಿಗೆ ಅವರ ಹೆಸರು ಕೇಳ್ರಿ. ಅವರ ಜಾತಿ ಯಾವುದಂತ ಕೇಳಬ್ಯಾಡ್ರಿ. ಹೆಸರು ಕೇಳಿ, ನೋಟ್‌ಬುಕ್ಕಿನಾಗ ಬರೆದಿಡ್ರಿ.

#ಮೂಗಿನಇತಿಹಾಸ #ಕಾಯಕ #ವಿಜಯಪುರ #ಕನ್ನಡದಲ್ಲಿಇತಿಹಾಸ